ಗರಿ ನೋಡಿ ಹೇಂಟೆ ಎಂದು ನಂಬಿದೆ, ಕೊಕ್ಕೊಕ್ಕೋ ಎಂದಿತು

ಮಾನ್ಯ ಸಂಪಾದಕರೇ,

ಕಳೆದ ದೀಪಾವಳಿ ಹೊತ್ತಿಗೆ ನಿಮ್ಮ ಕೃಷಿ ಪುಟದಲ್ಲಿ ಕೋಳಿಮರಿ ಬಗ್ಗೆ ಒಂದು ಲೇಖನ ಬಂದಿತ್ತು. ರೆಕ್ಕೆ ಬಿಡಿಸಿ ನೋಡಿ, ಗರಿಯ ಎರಡು ಸಾಲಿನಲ್ಲಿ ಒಂದು ಉದ್ದ ಒಂದು ಗಿಡ್ಡ ಇದ್ದರೆ ಹೇಂಟೆ, ಎರಡೂ ಸಮ ಇದ್ದರೆ ಹುಂಜ ಎಂದು ಬರೆದಿದ್ದರು. ಅದನ್ನು ಕತ್ತರಿಸಿ ಅಡುಗೆಮನೆ ಗೋಡೆಗೆ ಅಂಟಿಸಿದವಳು ನಾನು.

ಹಿರಿಯಡಕದ ಹತ್ತಿರ ನಮ್ಮ ಮನೆ. ಇಪ್ಪತ್ತು ವರ್ಷದಿಂದ ಊರಕೋಳಿ ಸಾಕುತ್ತಿದ್ದೇನೆ. ಆ ಸಲ ಕಾವಿಗೆ ಕೂತ ಕೋಳಿ ಇಪ್ಪತ್ತೊಂದನೇ ದಿನಕ್ಕೆ ಹನ್ನೊಂದು ಮರಿ ಮಾಡಿತ್ತು. ಮರುದಿನ ಟ್ಯೂಬ್‌ಲೈಟ್ ಕೆಳಗೆ ಕೂತು ಒಂದೊಂದೇ ಮರಿ ಅಂಗೈಯಲ್ಲಿ ಹಿಡಿದು ರೆಕ್ಕೆ ಬಿಡಿಸಿದೆ. ನನ್ನ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ರೆಕ್ಕೆ, ಅದರ ತುದಿಯಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗರಿ. ಆರು ಮರಿಗೆ ಉದ್ದ-ಗಿಡ್ಡ, ಐದಕ್ಕೆ ಸಮ. ಗುರುತಿಗೆ ಆರರ ಉಗುರಿಗೆ ಮಗಳ ನೇಲ್ ಪಾಲಿಶ್ ಹಚ್ಚಿದೆ. ಪಕ್ಕದ ಮನೆಯವರಿಗೆ ದೈವದ ಅಗೆಲಿಗೆ, ಅಂದರೆ ದೈವಕ್ಕೆ ಎಡೆ ಬಡಿಸುವ ಸೇವೆಗೆ, ಹುಂಜ ಬೇಕಿತ್ತು. ಮರಿ ತಾಯಿ ಬಿಟ್ಟ ಮೇಲೆ ಆ ಐದನ್ನೂ ಅವರಿಗೇ ಕೊಟ್ಟೆ.

ನನ್ನ ಆರರಲ್ಲಿ ನಾಲ್ಕು ಹುಂಜ. ಈಗ ಬೆಳಗ್ಗೆ ನಾಲ್ಕಕ್ಕೇ ಶುರು, ಒಂದು ನಿಲ್ಲಿಸಿದರೆ ಇನ್ನೊಂದು. ಅವರ ಐದರಲ್ಲಿ ಮೂರು ಮೊಟ್ಟೆ ಇಡುತ್ತಿವೆ. ಆ ಮೊಟ್ಟೆ ನಾನೇ ದುಡ್ಡು ಕೊಟ್ಟು ತರುತ್ತಿದ್ದೇನೆ!

ಪಶು ಡಾಕ್ಟರರನ್ನು ಕೇಳಿದೆ. ಅವರು ನಕ್ಕು ಹೇಳಿದ್ದು ಇಷ್ಟು. ಗರಿಯ ಲೆಕ್ಕ ಸುಳ್ಳಲ್ಲ, ಆದರೆ ಅದು ಬೇಕೆಂದೇ ಜೋಡಿ ಮಾಡಿದ ಕೋಳಿಗಳಿಗೆ ಮಾತ್ರ. ಅಪ್ಪ ಬೇಗ ಗರಿ ಬರುವ ಜಾತಿ, ಅಮ್ಮ ತಡವಾಗಿ ಗರಿ ಬರುವ ಜಾತಿ ಆಗಿರಬೇಕು. ಅಮ್ಮನ ಆ ತಡದ ಗುಣ ಗಂಡುಮರಿಗಳಿಗೆ ಮಾತ್ರ ಹೋಗುತ್ತದೆ, ಹಾಗಾಗಿ ವ್ಯತ್ಯಾಸ ಕಾಣುತ್ತದೆ. ಅದನ್ನೂ ಮೊದಲ ಒಂದೆರಡು ದಿನದೊಳಗೆ ನೋಡಬೇಕು. ನಮ್ಮ ಅಂಗಳದಲ್ಲಿ ಯಾವ ಹುಂಜ ಯಾರ ಮನೆಯದು ಅಂತಲೇ ಗೊತ್ತಿಲ್ಲ, ಇನ್ನು ಅದರ ಗರಿಯ ಜಾತಕ ಎಲ್ಲಿಂದ ತರುವುದು? ನಿಮ್ಮ ಲೇಖನದಲ್ಲಿ ಈ ಒಂದು ಮಾತು ಬಿಟ್ಟುಹೋಗಿತ್ತು.

ಮರಿಯ ಹಿಂಭಾಗ ಒತ್ತಿ ನೋಡುವ ಕ್ರಮವೂ ಇದೆ. 1920ರ ದಶಕದಲ್ಲಿ ಜಪಾನಿನವರು ಕಂಡುಕೊಂಡದ್ದು. ಸಾಸಿವೆಗಿಂತ ಚಿಕ್ಕ ಗುಳ್ಳೆ ನೋಡಿ ಹೇಳಬೇಕು, ಕೆಲವು ಹೆಣ್ಣುಮರಿಗೂ ಅಂಥದ್ದು ಇರುತ್ತದಂತೆ. ಕಲಿಯದವರು ಒತ್ತಿದರೆ ಮರಿಯೇ ಸಾಯಬಹುದು. ದಯವಿಟ್ಟು ಅದನ್ನು 'ಮನೆಯಲ್ಲೇ ಮಾಡಿ ನೋಡಿ' ಅಂತ ಹಾಕಬೇಡಿ.

ನಮ್ಮ ಅತ್ತೆಯದು ಇನ್ನೊಂದು ಲೆಕ್ಕ. ಚೂಪು ಮೊಟ್ಟೆಯಲ್ಲಿ ಹುಂಜ, ಉರುಟು ಮೊಟ್ಟೆಯಲ್ಲಿ ಹೇಂಟೆ. ಅವರ ಮಾತಿಗೆ ಉರುಟು ಮೊಟ್ಟೆಗಳನ್ನೇ ಆರಿಸಿ ಇಟ್ಟಿದ್ದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಹನ್ನೊಂದರಲ್ಲಿ ಆರು ಹುಂಜ. ಅತ್ತೆ ಮಾತ್ರ, ನೀನು ಆರಿಸಿದ್ದೇ ಸರಿ ಇಲ್ಲ ಅನ್ನುತ್ತಾರೆ.

ನನ್ನ ಅನುಭವದಲ್ಲಿ ಊರಕೋಳಿಗೆ ಕಾಯುವುದೊಂದೇ ದಾರಿ. ಒಂದೂವರೆ ತಿಂಗಳಿಗೆ ಹುಂಜದ ಜುಟ್ಟು ದಪ್ಪ ಆಗಿ ಕೆಂಪು ಏರುತ್ತದೆ, ಹೇಂಟೆಯದು ಇನ್ನೂ ಬಿಳಚಿಕೊಂಡೇ ಇರುತ್ತದೆ. ಸಂಶಯ ಇದ್ದರೆ ಮೂರು ತಿಂಗಳಿಗೆ ಬಾಲದ ಬುಡದಲ್ಲಿ, ಸೊಂಟದ ಮೇಲೆ ನೋಡಬೇಕು. ಹುಂಜಕ್ಕೆ ಅಲ್ಲಿ ಉದ್ದ, ಚೂಪು, ಮಿರಿಮಿರಿ ಗರಿ ಇಳಿಬೀಳುತ್ತದೆ. ಹೇಂಟೆಯ ಗರಿ ತುದಿ ಉರುಟು. ಇದನ್ನು ನಾನೂ ನೋಡಬಹುದಿತ್ತು, ಆದರೆ ನೇಲ್ ಪಾಲಿಶ್ ನಂಬಿ ಕೂತಿದ್ದೆ.

ಒಂದು ತಿದ್ದುಪಡಿ ಹಾಕಿ ಸಾಕು, ಎರಡೇ ಸಾಲು. ಕೆಂಪು ಹೇಂಟೆ ಮತ್ತೆ ಕಾವಿಗೆ ಕೂತಿದೆ, ಪಕ್ಕದ ಮನೆಯವರು ಈ ಸಲವೂ 'ಹುಂಜ'ದ ಮರಿಗಳನ್ನು ತಮಗೇ ಕೊಡಿ ಅಂತ ಈಗಲೇ ಹೇಳಿಟ್ಟಿದ್ದಾರೆ.

ಇತಿ,
ಕೋಳಿ ಸಾಕುವ ಓದುಗಿ
ಹಿರಿಯಡಕ, ಉಡುಪಿ