ಗೆಳೆಯನಿಗೊಂದು ಪತ್ರ: ಹತ್ತಕ್ಕ ಎಷ್ಟು, ಯಾಕ ಅಷ್ಟು

ಕೊಪ್ಪಳ

ದೋಸ್ತ ಬಸು,

ಆರಾಮ ಅದಿಯೇನು? ಇತ್ತಿತ್ಲಾಗಿನ ಪಿಚ್ಚರಿನಾಗ ಯಾವು ಚೊಲೋ ಅದಾವ, ಹತ್ತಕ್ಕ ಎಷ್ಟು ಕೊಡ್ತಿ ಅಂತ ಕೇಳಿದ್ದಿ. ಬರೀ ನಂಬರ್ ಕಳಿಸಿದ್ರ ನಿನಗ ಏನೂ ಉಪಯೋಗ ಆಗಂಗಿಲ್ಲ. ಎಲ್ಲಿ ಕೊಟ್ಟೀನಿ, ಎಲ್ಲಿ ಕಟ್ ಮಾಡೀನಿ ಅನ್ನೂದನ್ನೂ ಬರೀತೀನಿ.

ಮೊದಲು ನಮ್ಮ ಜಿಲ್ಲಾದ್ದು. ‘ಶಿವಮ್ಮ ಯರೇಹಂಚಿನಾಳ’ ಇನ್ನೂ ನೋಡಿಲ್ಲಂದ್ರ ಉಳಿದದ್ದೆಲ್ಲ ಬಿಟ್ಟು ಅದನ್ನ ನೋಡು. 8.5. ಜೈಶಂಕರ್ ಆರ್ಯರ್ ನಿರ್ದೇಶನ, ರಿಷಬ್ ಶೆಟ್ಟಿ ನಿರ್ಮಾಣ. 2022ರಾಗ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಾಗ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು, ಥೇಟರಿಗೆ ಬರೂದಕ್ಕ 2024ರ ಜೂನ್ ಆತು. ಶಿವಮ್ಮ ಸರ್ಕಾರಿ ಸಾಲ್ಯಾಗ ಅಡಿಗಿ ಮಾಡಾಕಿ. ಗಂಡಗ ಲಕ್ವಾ ಹೊಡದೈತಿ. ಮಗಳ ಮದುವಿಗೆ ಅಂತ ಇಟ್ಟ ರೊಕ್ಕಾನ ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಯ ಪುಡಿಗೆ ಹಾಕ್ತಾಳ. ಅದನ್ನ ಕುಡಿದ್ರ ಗಂಡ ಎದ್ದು ನಡೀತಾನ ಅಂತ ನಂಬ್ಯಾಳ, ಊರ ಮಂದಿಗೂ ಮಾರಾಕ ಹೊಂಡ್ತಾಳ.

ಇಂಥ ಕಥಿ ಕೈಗೆ ಸಿಕ್ರ ಸಸಾರ ದಾರಿ ಎರಡು. ಆಕಿನ್ನ ಪಾಪದಾಕಿ ಮಾಡಿ ನೋಡೋರನ್ನ ಅಳಸೂದು, ಇಲ್ಲಾ ದಡ್ಡಿ ಮಾಡಿ ನಗಸೂದು. ಈ ಪಿಚ್ಚರ್ ಎರಡೂ ಮಾಡಿಲ್ಲ. ಶಿವಮ್ಮ ಹಠಮಾರಿ, ಬಾಯಿ ಜೋರು, ಸೋತೀನಿ ಅಂತ ಒಪ್ಪಾಕಿ ಅಲ್ಲ. ಆ ಹಠದ ಕೆಳಗ ಅಂಜಿಕಿ ಎಷ್ಟೈತಿ ಅನ್ನೂದು ಮೆಲ್ಲಕ ತಿಳಕೋತ ಹೋಗ್ತೈತಿ. ಮಂದಿ ಆಕಿನ್ನ ಕಂಡ್ರ ತಪ್ಪಿಸ್ಕೊಳ್ಳೂದರ ಹಿಂದ ಒಂದು ಲೆಕ್ಕಾನೂ ಐತಿ. ಒಬ್ಬರು ಇಬ್ಬರನ್ನ ಸೇರಸ್ಬೇಕು, ಆ ಇಬ್ಬರು ತಲಾ ಇಬ್ಬರನ್ನ ಸೇರಸ್ಬೇಕು ಅಂತ ಇಟ್ಕೋ. ಹನ್ನೊಂದನೇ ಸುತ್ತಿಗೆ ಹೊಸಾ ಮಂದಿನ 2,048 ಬೇಕಾಗ್ತಾರ. ಅಷ್ಟರೊಳಗ ಹಳ್ಳಿ ಮುಗದಿರ್ತೈತಿ, ಉಳಿಯೋದು ಬೀಗರು ಬಿಜ್ಜರ ಮನಿ ಅಷ್ಟ. ಈ ಧಂದೆ ರೊಕ್ಕ ತಿಂದು ಬಿಡಂಗಿಲ್ಲ, ಸಂಬಂಧಾನೂ ತಿಂತೈತಿ. ಅದನ್ನ ಭಾಷಣ ಮಾಡದ ತೋರಿಸಿದ್ದಕ್ಕ ಬರವಣಿಗಿಗೆ ನನ್ನ ಪೂರ್ತಿ ಮಾರ್ಕ್ಸ್. 1.5 ಕಟ್ ಮಾಡಿದ್ದು ನಡುವಿನ ಭಾಗಕ್ಕ: ಮಾರೂದು, ಬೈಸ್ಕೊಳ್ಳೂದು, ಮತ್ತ ಮಾರೂದು, ಇದು ಒಂದ ಲಯದಾಗ ತಿರುಗಿ ತಿರುಗಿ ಬರ್ತೈತಿ.

ಮಾತಿಗೆ ನಾ ಬ್ಯಾರೆ ಮಾರ್ಕ್ಸ್ ಇಡ್ತೀನಿ. ಬೆಂಗಳೂರಿನ ಪಿಚ್ಚರಿನಾಗ ನಮ್ಮ ಕಡೆ ಮಾತು ಅಂದ್ರ ಎಲ್ಲಾ ಮಾತಿನ ತುದಿಗೂ ‘ರೀ’ ಹಚ್ಚಿ ಒದರೂದು. ಮಾನ್ವಿ, ದೇವದುರ್ಗದ ಮಾತು ಬ್ಯಾರೆ, ಯಲಬುರ್ಗಾದ್ದು ಬ್ಯಾರೆ, ಸಿರುಗುಪ್ಪ ದಾಟಿದ್ರ ತೆಲುಗಿನ ಎಳತ ಬರ್ತೈತಿ. ಒಂದ ಮನ್ಯಾಗ ಅವ್ವ ಒಂದು ಸೀಮಿ, ಮಗ ಇನ್ನೊಂದು ಸೀಮಿ ಮಾತಾಡಿದ್ರ ಆ ಮನಿನ ನಂಬಾಕ ಆಗಂಗಿಲ್ಲ, ಅಲ್ಲೇ ಅರ್ಧ ಮಾರ್ಕ್ಸ್ ಕಟ್. ‘ಶಿವಮ್ಮ’ದಾಗ ಆ ತಾಪತ್ರಯ ಇಲ್ಲ. ನಮ್ಮ ಮಂದಿ ಜಗಳ ಆಡೋವಾಗ ಸಿಟ್ಟಿನ ಮಾತು ಜೋರಾಗಿ ಸುರು ಆಗಿ ಕಡೀ ಶಬ್ದದಾಗ ಕೆಳಗ ಇಳೀತೈತಿ, ನೀ ಲಕ್ಷ್ಯ ಕೊಟ್ಟು ಕೇಳು. ಸ್ಟುಡಿಯೋದಾಗ ಬ್ಯಾರೆಯವರ ದನಿ ಹಚ್ಚಿದ್ರ ಮೊದಲು ಹಾಳಾಗೂದು ಅದಾ. ತುಟಿ ಕೂಡಿಸ್ತಾರ, ಉಸುರು ಕೂಡಂಗಿಲ್ಲ.

‘ಫೋಟೋ’ಕ್ಕ 7.5. ಉತ್ಸವ್ ಗೊನವಾರ ನಿರ್ದೇಶನ, 2024ರ ಮಾರ್ಚಿನಾಗ ಬಂತು, ಪ್ರಕಾಶ್ ರಾಜ್ ಅವರ ನಿರ್ದಿಗಂತ ಸಂಸ್ಥೆಯಿಂದ ಬಿಡುಗಡೆ ಆತು. ರಾಯಚೂರು ಕಡೆ ಹುಡುಗ, ವಿಧಾನಸೌಧದ ಮುಂದ ನಿಂತು ಒಂದು ಫೋಟೋ ತಗಸ್ಕೋಬೇಕು ಅನ್ನೋ ಆಸೆ. ಅಪ್ಪ ಬೆಂಗಳೂರಾಗ ದುಡ್ಯಾಕ ಹೋಗ್ಯಾನ. ಹುಡುಗ ಅಲ್ಲಿ ಮುಟ್ಟೂದಕ್ಕೂ 2020ರ ಲಾಕ್‌ಡೌನ್ ಬೀಳೂದಕ್ಕೂ ಸರಿ ಆಗ್ತೈತಿ. ಬಸ್ಸಿಲ್ಲ, ಕೆಲಸ ಇಲ್ಲ, ರಾಯಚೂರು 400 ಕಿ.ಮೀ.ಗಿಂತ ಹೆಚ್ಚು. ಗುಳೆ ಹೋಗೂದು ಅಂದ್ರೇನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಆದ್ರ ಅದನ್ನ ಹುಡುಗನ ಎತ್ತರದಿಂದ ನೋಡೂದು ಹೊಸಾದು. ದೊಡ್ಡವರಿಗೆ ಊರು ಮುಟ್ಟೂದರ ಚಿಂತಿ, ಇವಗ ಫೋಟೋದ್ದು. ಆ ಎರಡೂ ಚಿಂತಿ ಒಂದ ದಾರ್ಯಾಗ ನಡೀತಾವ, ಪಿಚ್ಚರಿನ ಬಲಾನೇ ಅದು. ನಡಿಗಿಯ ಭಾಗದಾಗ ಮುಂದೇನಾಗ್ತೈತಿ ಅನ್ನೂದು ಲಗೂನ ಗೊತ್ತಾಗಿಬಿಡ್ತೈತಿ, ಅದಕ್ಕ ಕಡಿಮಿ ಕೊಟ್ಟೀನಿ. ಸಣ್ಣ ಹುಡುಗರ ಜೋಡಿ ನೋಡಾಂವ ಇದ್ರ ಕಡೀಕ ಏನಾಗ್ತೈತಿ ಅಂತ ಮೊದಲು ನೀ ಒಬ್ಬನ ನೋಡ್ಕೋ.

‘ಸು ಫ್ರಮ್ ಸೋ’ಕ್ಕ 8. 2025ರ ಜುಲೈದಾಗ ಬಂತು, ಜೆ.ಪಿ. ತುಮಿನಾಡು ಅವರ ನಿರ್ದೇಶನ, ನಿರ್ಮಾಪಕರೊಳಗ ರಾಜ್ ಬಿ. ಶೆಟ್ಟಿ ಅದಾರ. ಅಶೋಕ ಅನ್ನೋ ಹುಡುಗ ಸಿಕ್ಕಿಬಿದ್ದಾಗ ಪಾರಾಗಾಕ ಮೈಮ್ಯಾಲೆ ದೆವ್ವ ಬಂದಂಗ ನಾಟಕ ಮಾಡ್ತಾನ, ಊರು ಅದನ್ನ ಖರೇ ಅಂತ ನಂಬಿಬಿಡ್ತೈತಿ. ಇದರ ನಗು ಒಬ್ಬರ ಡೈಲಾಗಿನಿಂದ ಹುಟ್ಟಂಗಿಲ್ಲ. ಒಬ್ಬಾಂವ ಮಾತಾಡೋವಾಗ ಹಿಂದ ನಿಂತ ನಾಕು ಮಂದಿ ಏನು ಮಾಡಾಕತ್ಯಾರ ಅನ್ನೂದರಾಗ ಅರ್ಧ ನಗು ಐತಿ, ಅದಕ್ಕ ಮೊಬೈಲಿನಾಗ ನೋಡಬ್ಯಾಡ. ದ್ವಿತೀಯಾರ್ಧದಾಗ ಭಾನು ಅನ್ನೋ ಹೆಣ್ಮಗಳ ಸಂಕಟಕ್ಕ ಕಥಿ ಹೊಳ್ಳತೈತಿ. ಹೊಳ್ಳೂದು ಸರಿನ, ಆದ್ರ ಆಕಿ ಬಂದಾಕ್ಷಣ ನಗೂನ ಹಿಂದ ಸರಿಸೂದು ಅವಸರ ಆತು ಅನಸ್ತು. ಇಂಥ ಪಿಚ್ಚರ್ ಮಂದಿ ನಡುವ ನೋಡೂದ ಚೊಲೋ. ಒಬ್ಬನ ಕುಂತು ನೋಡಿ 6 ಕೊಟ್ರ ಅದು ಪಿಚ್ಚರಿನ ತಪ್ಪಲ್ಲ.

‘ಸಪ್ತ ಸಾಗರದಾಚೆ ಎಲ್ಲೋ’ ಎರಡೂ ಭಾಗ 2023ರಾಗ ಬಂದದ್ದು. ಸೈಡ್ ಎಗೆ 8, ಸೈಡ್ ಬಿಗೆ 6.5. ಮೊದಲನೇದು ನೀಲಿ ಬಣ್ಣದಾಗ, ಎರಡನೇದು ಕೆಂಪಿನಾಗ ಐತಿ. ಚರಣ್ ರಾಜ್ ಸಂಗೀತ ಎರಡಕ್ಕೂ ಆಧಾರ. ಎರಡನೇ ಭಾಗದಾಗ ನಾಯಕ ಮನುನ ಸಿಟ್ಟು ಒಂದ ಮಟ್ಟದಾಗ ನಿಂತುಬಿಡ್ತು. ‘ಕಾಂತಾರ ಅಧ್ಯಾಯ 1’ಕ್ಕ 7: ಚಿತ್ರಣಕ್ಕ, ಹೊಡದಾಟಕ್ಕ ತುಂಬಾ ಕೊಟ್ಟೀನಿ, ಬರವಣಿಗಿಗೆ ಕಡಿಮಿ. ಇದನ್ನ ಮಾತ್ರ ದೊಡ್ಡ ಪರದೆ ಮ್ಯಾಲೆ ನೋಡಬೇಕು.

ನನ್ನ ಲೆಕ್ಕ ಹಿಂಗೈತಿ: ಬರವಣಿಗಿಗೆ 4, ನಟನೆಗೆ 2, ಕ್ಯಾಮರಾ ಮತ್ತ ಸಂಕಲನಕ್ಕ 2, ಶಬ್ದ ಮತ್ತ ಮಾತಿಗೆ 2. ಹೊರಗ ಬಂದ ಕೂಡಲೇ ನಂಬರ್ ಹಾಕಬಾರದು. ಕ್ಲೈಮ್ಯಾಕ್ಸಿನ ಡೊಳ್ಳು, ಬೆಂಕಿ, ಅಳು ಇನ್ನೂ ತಲ್ಯಾಗ ಇರ್ತಾವ, ಮೊದಲ ತಾಸಿನ ಬ್ಯಾಸರ ಮರತುಹೋಗಿರ್ತೈತಿ, ಅದಕ್ಕ ಒಂದೂವರಿ ಮಾರ್ಕ್ಸ್ ಪುಕ್ಕಟೆ ಹೋಗ್ತಾವ. ಮರುದಿನ ಕುಂತು ಮೂರು ಸೀನ್ ನೆನಸ್ಕೋ. ಮೂರೂ ಬರಲಿಲ್ಲಂದ್ರ 6ರ ಮ್ಯಾಲೆ ಕೊಡಬ್ಯಾಡ. ಟಿಕೆಟ್ ಆ್ಯಪಿನ ಸರಾಸರಿ ನೋಡಿನೂ ನಡೀಬ್ಯಾಡ. ಮೊದಲ ದಿನ ಅಭಿಮಾನಿಗಳು 10 ಒತ್ತತಾರ, ಆಗದವರು 1 ಒತ್ತತಾರ. ಎರಡೂ ಕೂಡಿ 5.5 ಬಂದ್ರ ಆ ನಂಬರ್ ಕೊಟ್ಟ ಮನಶ್ಯಾ ಒಬ್ಬನೂ ಇರಂಗಿಲ್ಲ.

ಥೇಟರಿನ ತಪ್ಪಿಗೆ ಪಿಚ್ಚರಿಗೆ ದಂಡ ಹಾಕೂದು ಇನ್ನೊಂದು ಅನ್ಯಾಯ. ಪರದೆ 14 ಫುಟ್-ಲ್ಯಾಂಬರ್ಟ್ (ಪರದೆಯ ಬೆಳಕು ಅಳಿಯೋ ಮಾಪ) ಬೆಳಗಬೇಕು ಅಂತ ನಿಯಮ ಐತಿ. ಪ್ರೊಜೆಕ್ಟರಿನ ಹಳೇ ಲ್ಯಾಂಪ್ ಎಳಕೋತ ಹೊಂಟ್ರ, ಇಲ್ಲಾ ತ್ರೀಡಿ ಫಿಲ್ಟರ್ ತಗೀದ ಹಂಗ ಬಿಟ್ರ ರಾತ್ರಿ ಸೀನೆಲ್ಲ ರಾಡಿ. ಸಬ್‌ಟೈಟಲಿನ ಬಿಳಿ ಅಕ್ಷರ ನೋಡು, ಅದು ಮಾಸಿದಂಗ ಕಂಡ್ರ ತಪ್ಪು ಕ್ಯಾಮರಾದ್ದಲ್ಲ. ಶಬ್ದಾನೂ ಹಂಗ. ಮಾತು ಬರೂದು ಪರದೆ ಹಿಂದ ನಡುವಿನ ಸ್ಪೀಕರಿನಿಂದ. ಸಿನಿಮಾದ ಶಬ್ದ ಮಿಕ್ಸ್ ಮಾಡೂದು ಪ್ರೊಸೆಸರಿನ ಫೇಡರ್, ಅಂದ್ರ ಸದ್ದು ಏರಿಸಿ ಇಳಸೋ ಗುಂಡಿ, 7ಕ್ಕ ಇಟ್ಟು. ಹೊಡದಾಟದ ಸದ್ದು ಜಾಸ್ತಿ ಆತು ಅಂತ ಯಾರರ ತಕರಾರ್ ಮಾಡಿದ್ರ 5ಕ್ಕ ಇಳಸ್ತಾರ, ಆವಾಗ ಪಿಸುಮಾತು ಕೇಳಸಂಗಿಲ್ಲ. ಮಧ್ಯಂತರದಾಗ ಆಪರೇಟರಿಗೆ ಹೋಗಿ ಹೇಳು, ಬಹಳ ಮಂದಿ ಕೇಳ್ತಾರ.

ನೀ ‘ಶಿವಮ್ಮ’, ‘ಫೋಟೋ’ ಮನ್ಯಾಗ ನೋಡಾಂವ ಅಲ್ಲಾ? ಟಿವಿ ಸೆಟ್ಟಿಂಗಿನಾಗ ಪಿಕ್ಚರ್ ಮೋಡ್ ‘ಸಿನಿಮಾ’ ಇಲ್ಲಾ ‘ಫಿಲ್ಮ್‌ಮೇಕರ್’ ಮಾಡು. ಅಂಗಡಿಯಿಂದ ಬಂದ ‘ವಿವಿಡ್’ದಾಗ ಇಟ್ರ ನಮ್ಮ ಎರಿ ಮಣ್ಣೂ ನೀಲಿ ಹೊಡೀತೈತಿ. ಮೋಶನ್ ಸ್ಮೂದಿಂಗ್ ಬಂದ್ ಮಾಡು; ಎಲ್‌ಜಿದಾಗ ಟ್ರೂಮೋಶನ್, ಸೋನಿದಾಗ ಮೋಶನ್‌ಫ್ಲೋ ಅಂತ ಇರ್ತೈತಿ. ಪಿಚ್ಚರ್ ಸೆಕೆಂಡಿಗೆ 24 ಫ್ರೇಮ್ ಇರ್ತೈತಿ, ಟಿವಿ ನಡುವ ಸುಳ್ಳು ಫ್ರೇಮ್ ಸೇರಿಸಿ ಧಾರಾವಾಹಿ ಕಂಡಂಗ ಮಾಡ್ತೈತಿ. ಟಿವಿಯ ಸ್ಪೀಕರ್ ಅಷ್ಟ ಇದ್ರ ಆಡಿಯೋದಾಗ 5.1 (ಸುತ್ತ ಆರು ಸ್ಪೀಕರ್ ಇದ್ದವರಿಗೆ ಮಾಡಿದ್ದು) ಬಿಟ್ಟು ಸ್ಟೀರಿಯೋ ಆರಿಸ್ಕೋ, ಮಾತು ತಿಳಿಯಾಗಿ ಕೇಳಸ್ತಾವ. ನಿಂದು 43 ಇಂಚು, ಐದೂವರಿ ಫುಟಿನೊಳಗ ಕುಂದ್ರು. ಗ್ವಾಡಿಗೆ ಆನಿಸಿದ ಮಂಚದ ಮ್ಯಾಲಿಂದ ಮುಖ ಕಾಣ್ತಾವ, ಕಣ್ಣು ಕಾಣಂಗಿಲ್ಲ, ಶಿವಮ್ಮನ ಪಾತ್ರದ್ದೆಲ್ಲ ಕಣ್ಣಾಗೇ ಐತಿ.

ನೋಡಿ ಮರುದಿನ ನಂಬರ್ ಹಾಕು, ಭಾಗ ಭಾಗ ಬಿಡಿಸಿ ಬರಿ. ‘ಶಿವಮ್ಮ’ಗ 7ರ ಕೆಳಗ ಹೋದಿ ಅಂದ್ರ ಯಾವ ಸೀನಿಗೆ ಎಷ್ಟು ಕಟ್ ಮಾಡಿದಿ ಅನ್ನೂದನ್ನ ತಪ್ಪದ ಹೇಳು, ಆ ಸೀನ್ ನಾ ಇನ್ನೊಮ್ಮೆ ನೋಡಿ ಉತ್ತರ ಬರೀತೀನಿ.

ನಿನ್ನ
ಮಂಜ