ದೂರು ಪತ್ರ: ಒಂದು ಸೆಲ್ ಕೆಟ್ಟ ಬ್ಯಾಟರಿಗೆ ನನ್ನ ದೋಣಿಯ ನೆಪ ಹೇಳಬೇಡಿ

ಇಂದ:
ಒಬ್ಬ ಮೀನುಗಾರ, ವಾಣಿವಿಲಾಸಪುರ, ಹಿರಿಯೂರು ತಾಲೂಕು, ಚಿತ್ರದುರ್ಗ ಜಿಲ್ಲೆ

ಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: 12 ವೋಲ್ಟ್ 150 ಎಎಚ್ (ಆಂಪಿಯರ್-ಗಂಟೆ) ಟ್ಯೂಬುಲರ್ ಬ್ಯಾಟರಿಗೆ ವಾರಂಟಿ ಕೊಡದೆ ವಾಪಸ್ ಕಳಿಸಿದ ಬಗ್ಗೆ, ಮತ್ತು ಚಿತ್ರದುರ್ಗದ ನಿಮ್ಮ ಸರ್ವಿಸ್ ಸೆಂಟರ್‌ನಲ್ಲಿ ನನಗಾದ ಅವಮಾನದ ಬಗ್ಗೆ.

ಮಾನ್ಯರೇ,

ನಿಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಮಾಡಿ ಸಾಕಾಗಿದೆ. ಪ್ರತಿ ಸಲವೂ ಬೇರೆ ಯಾರೋ ಎತ್ತುತ್ತಾರೆ. ಸೀರಿಯಲ್ ನಂಬರ್ ಕೇಳುತ್ತಾರೆ, ಬಿಲ್ ನಂಬರ್ ಕೇಳುತ್ತಾರೆ, ಎರಡು ದಿನದಲ್ಲಿ ಎಂಜಿನಿಯರ್ ಕಾಲ್ ಮಾಡ್ತಾರೆ ಸರ್ ಅಂತ ಹೇಳಿ ಇಡುತ್ತಾರೆ. ಯಾವ ಎಂಜಿನಿಯರೂ ಕಾಲ್ ಮಾಡಲಿಲ್ಲ. ಮೊನ್ನೆ ಬಂದದ್ದು ಒಂದು ಮೆಸೇಜ್, ನಿಮ್ಮ ದೂರನ್ನು ಪರಿಹರಿಸಿ ಮುಕ್ತಾಯ ಮಾಡಲಾಗಿದೆ ಅಂತ. ಬ್ಯಾಟರಿ ನನ್ನ ಮನೆ ಜಗಲಿ ಮೇಲೆ ಹಾಗೇ ಸತ್ತು ಕೂತಿದೆ. ಏನು ಪರಿಹಾರ ಆಯ್ತು, ಯಾರಿಗೆ ಆಯ್ತು? ಆ ಮೆಸೇಜ್ ನೋಡಿದ ಮೇಲೆ ಇನ್ನು ಫೋನ್ ಬೇಡ, ಬರೆದೇ ಕಳಿಸೋಣ ಅಂತ ಕೂತಿದ್ದೇನೆ. ಇದನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇನೆ, ರಸೀದಿ ಇಟ್ಟುಕೊಳ್ಳುತ್ತೇನೆ.

ನಾನು ವಾಣಿವಿಲಾಸ ಸಾಗರದಲ್ಲಿ, ನಮ್ಮ ಬಾಯಲ್ಲಿ ಮಾರಿಕಣಿವೆಯಲ್ಲಿ, ಮೀನು ಹಿಡಿಯುವವನು. ಇಬ್ಬರು ಕೂರುವ ಸಣ್ಣ ಫೈಬರ್ ದೋಣಿ ಇದೆ. ಸಂಜೆ ಬಲೆ ಬಿಡೋದು, ಬೆಳಗ್ಗೆ ಎತ್ತೋದು. ಕಾಟ್ಲಾ, ರೋಹು, ಜಿಲೇಬಿ ಏನು ಸಿಗುತ್ತೋ ಅದು. ನೀರು ಕಡಿಮೆ ಇದ್ದ ವರ್ಷಗಳಲ್ಲಿ ಹುಟ್ಟು ಹಾಕಿಕೊಂಡೇ ಹೋಗಿ ಬರುತ್ತಿದ್ದೆ. 1933ರಲ್ಲಿ ಕೋಡಿ ಬಿದ್ದ ಡ್ಯಾಮು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 2025ರ ಜನವರಿಯಲ್ಲೂ 130 ಅಡಿ ತುಂಬಿತು. ಇಡೀ ತಾಲೂಕಿಗೆ ಅದು ಹಬ್ಬ, ನನಗೂ ಸಂತೋಷವೇ. ಆದರೆ ನೀರು ಅಗಲ ಆದಷ್ಟೂ ಬಲೆ ಬಿಡುವ ಜಾಗ ದೂರ ಆಗುತ್ತೆ. ಆಷಾಢದ ಗಾಳಿಗೆ ಎದುರಾಗಿ ಹುಟ್ಟು ಹಾಕಿದರೆ ತೋಳು ಬಿದ್ದುಹೋಗುತ್ತೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ, ಅಲ್ವಾ? ಹಾಗಾಗಿ ಸಾಲ ಮಾಡಿ 12 ವೋಲ್ಟಿನ ಕರೆಂಟ್ ಮೋಟರ್ ಹಾಕಿಸಿದೆ. ಬ್ಯಾಟರಿ ಬೇಕಾಗಿ ನಿಮ್ಮ ಅಧಿಕೃತ ಡೀಲರ್ ಹತ್ತಿರ ಹೋದೆ.

ಅಲ್ಲಿ ನಾನು ಏನು ಕೇಳಿದೆ, ಅವರು ಏನು ಹೇಳಿದರು ಅನ್ನೋದು ಮುಖ್ಯ. ಕಡಿಮೆ ದುಡ್ಡಲ್ಲಿ ಬಾಳಿಕೆ ಬರೋದು ಬೇಕು ಅಂದೆ. ಕಾರ್ ಬ್ಯಾಟರಿ ಬೇಡ ಅಂತ ಅವರೇ ಹೇಳಿದರು, ಅದು ಸರಿಯಾದ ಮಾತು. ಅದರ ಪ್ಲೇಟ್ ತೆಳ್ಳಗೆ, ಎಂಜಿನ್ ಸ್ಟಾರ್ಟ್ ಮಾಡೋಕೆ ಒಂದು ಗಳಿಗೆ ಜೋರಾಗಿ ಕರೆಂಟ್ ಕೊಡೋದಕ್ಕೆ ಮಾಡಿದ್ದು, ಗಂಟೆಗಟ್ಟಲೆ ಎಳೆದರೆ ಬೇಗ ಹೋಗುತ್ತೆ. ಇ-ರಿಕ್ಷಾ ಬ್ಯಾಟರಿ ಕೇಳಿದೆ. ಅಗ್ಗ, ಆದರೆ ವಾರಂಟಿ ತೀರಾ ಕಡಿಮೆ ಅಂದರು. ಲಿಥಿಯಂ ತೋರಿಸಿದರು. ಹನ್ನೆರಡು ಹದಿಮೂರು ಕೆಜಿ, ಒಂದೇ ಕೈಯಲ್ಲಿ ಎತ್ತಬಹುದು, ಆಸೆ ಆಯ್ತು. ಬೆಲೆ ಕೇಳಿ ಕೆಳಗಿಟ್ಟೆ. ಕೊನೆಗೆ ಈ ಟ್ಯೂಬುಲರ್. ಐವತ್ತು ಕೆಜಿ ಮೇಲೆ ತೂಕ, ನಾನೂ ನನ್ನ ಮಗನೂ ಸೇರಿ ಎತ್ತಬೇಕು. ತೂಕ ದೋಣಿ ಮಧ್ಯಕ್ಕೆ ಬರಲಿ, ಓಲಾಡಲ್ಲ ಅಂತ ಡೀಲರೇ ಹೇಳಿಕೊಟ್ಟರು. ವಾರಂಟಿ ಕಾರ್ಡ್‌ನಲ್ಲಿ ಬಳಕೆ ಅನ್ನೋ ಜಾಗದಲ್ಲಿ ತಮ್ಮ ಕೈಯಾರೆ 'ಬೋಟ್ ಮೋಟರ್' ಅಂತ ಬರೆದು ಸೀಲ್ ಒತ್ತಿ ಕೊಟ್ಟರು. 36 ತಿಂಗಳು ಪೂರ್ತಿ ಬದಲಿ, ಆಮೇಲೆ 24 ತಿಂಗಳು ಲೆಕ್ಕದ ಮೇಲೆ ರಿಯಾಯಿತಿ. ಕಾರ್ಡ್‌ನ ಜೆರಾಕ್ಸ್ ಇದರ ಜೊತೆ ಇದೆ, ದಯವಿಟ್ಟು ಓದಿ.

ಒಂದು ವರ್ಷ ತುಂಬುವ ಮೊದಲೇ ಬ್ಯಾಟರಿ ಕೈ ಕೊಟ್ಟಿತು. ಅದೂ ನಡುನೀರಿನಲ್ಲಿ, ಗಾಳಿ ಎದ್ದಾಗ. ಮಗ ಜೊತೆಗಿದ್ದ, ಇಬ್ಬರೂ ಹುಟ್ಟು ಹಾಕಿ ದಡ ಸೇರಿದೆವು. ಒಬ್ಬನೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಆ ಪ್ರಶ್ನೆ ನಿಮಗೂ ಸೇರಿದ್ದು.

ಈಗ ಸರ್ವಿಸ್ ಸೆಂಟರ್ ವಿಷಯ. ಮಗನ ಜೊತೆ ಲಗೇಜ್ ಆಟೋದಲ್ಲಿ ಹೇರಿಕೊಂಡು ಹೋದೆ. ಹೊರಡುವ ಮೊದಲು ಬ್ಯಾಟರಿಯನ್ನು ಸೋಪಿನ ನೀರಲ್ಲಿ ಒರೆಸಿ, ಬಟ್ಟೆಯಲ್ಲಿ ಒಣಗಿಸಿ, ಟರ್ಮಿನಲ್‌ಗೆ ವ್ಯಾಸಲೀನ್ ಹಚ್ಚಿದ್ದೆ. ನಾನೂ ಸ್ನಾನ ಮಾಡಿ ಬಿಳಿ ಶರಟು ಹಾಕಿಕೊಂಡು ಹೋಗಿದ್ದೆ. ಬಾಗಿಲಲ್ಲೇ ಕೌಂಟರಿನ ಹುಡುಗ ಕೈ ಅಡ್ಡ ಹಿಡಿದ.

"ಎಲ್ಲಿಂದ ತಂದೆ ಇದನ್ನ?"

"ಮಾರಿಕಣಿವೆಯಿಂದ. ದೋಣಿದು."

"ಒಳಗೆ ತರಬೇಡ. ಮೀನು ವಾಸನೆ. ಆಚೆ ಇಡು."

ಒಳಗೆ ಇನ್ವರ್ಟರ್ ಕೊಳ್ಳಲು ಬಂದಿದ್ದ ಗಂಡ ಹೆಂಡತಿ ನನ್ನ ಕಡೆ ತಿರುಗಿ ನೋಡಿದರು. ಆಕೆ ಸೆರಗನ್ನು ಮೂಗಿಗೆ ಹಿಡಿದರು. ವಾಸನೆ ಇರಲಿಲ್ಲ. ಆ ಹುಡುಗ ಹೇಳಿದ್ದಕ್ಕೇ ಹಿಡಿದರು. ಬಿಸಿಲಲ್ಲಿ ಮೆಟ್ಟಿಲ ಪಕ್ಕ ಬ್ಯಾಟರಿ ಇಟ್ಟುಕೊಂಡು ಮಧ್ಯಾಹ್ನದವರೆಗೆ ನಿಂತೆ. ಕೂರೋಕೆ ಒಂದು ಸ್ಟೂಲ್ ಕೇಳಿದೆ, ಒಳಗೆ ಖಾಲಿ ಕುರ್ಚಿಗಳಿದ್ದವು, ಯಾರೂ ಮಾತಾಡಲಿಲ್ಲ. ನನ್ನ ನಂತರ ಬಂದವರ ಕೆಲಸ ಆಗಿ ಅವರು ಹೋದರು.

ಊಟದ ಹೊತ್ತಿಗೆ ಮ್ಯಾನೇಜರ್ ಹೊರಗೆ ಬಂದರು. ಕಾರ್ಡ್ ತಗೊಂಡು ನೋಡಿದರು. ಬೋಟ್ ಅಂತ ಓದಿ ಜೋರಾಗಿ ಕೂಗಿದರು: "ಇದು ಮನೆ ಇನ್ವರ್ಟರ್‌ಗೆ ಇರೋದು. ದೋಣಿಗೆ ಹಾಕ್ಕೊಂಡು, ನೀರಲ್ಲಿ ಮುಳುಗಿಸ್ಕೊಂಡು ಬಂದು ವಾರಂಟಿ ಕೇಳ್ತೀಯಾ? ಕೆರೆಗೆ ಬಿದ್ದಿದ್ದನ್ನೆಲ್ಲ ನಮ್ಮ ತಲೆಗೆ ಕಟ್ಟೋಕೆ ಬರ್ತೀರಾ ನೀವು ಜನ?"

ಸ್ವಾಮಿ, ಅದು ನೀರಿಗೆ ಬಿದ್ದಿಲ್ಲ, ಪೆಟ್ಟಿಗೆಯೊಳಗೆ ರಬ್ಬರ್ ಹಾಕಿ ಇಟ್ಟಿದ್ದೆ, ಒಮ್ಮೆ ಚೆಕ್ ಮಾಡಿ ಅಂದೆ. ಬಹಳ ಹೊತ್ತು ಬೇಡಿಕೊಂಡ ಮೇಲೆ ಟೆಕ್ನೀಷಿಯನ್ ಬಂದ. ಆ ಹುಡುಗ ಒಳ್ಳೆಯವನು, ಅವನ ಮೇಲೆ ನನ್ನ ದೂರಿಲ್ಲ. ಆ ದಿನ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕಿಸಿಕೊಂಡ. ಮರುದಿನ ನಾನು ಮತ್ತೆ ಹೋದಾಗ ನನ್ನ ಎದುರಿಗೇ ಹೈಡ್ರೋಮೀಟರ್ ತಂದು ಒಂದೊಂದೇ ಮುಚ್ಚಳ ಬಿಚ್ಚಿ ಗ್ರಾವಿಟಿ, ಅಂದರೆ ಒಳಗಿನ ಆಸಿಡ್ ಎಷ್ಟು ಗಟ್ಟಿ ಇದೆ ಅಂತ, ನೋಡಿದ. ಮೊದಲನೆಯದು 1240. ಎರಡನೆಯದೂ ಅಷ್ಟೇ. ಮೂರನೇ ಸೆಲ್‌ಗೆ ಬಂದಾಗ ಗಾಜಿನೊಳಗಿನ ತೇಲು ಮೇಲೇಳಲೇ ಇಲ್ಲ, ತಳದಲ್ಲೇ ಕೂತಿತ್ತು. ಇನ್ನೊಂದು ಸಲ ಎಳೆದು ನೋಡಿದ. 1100. ಉಳಿದ ಮೂರೂ 1230ರಿಂದ 1240. ಮೀಟರ್ ಹಿಡಿದರೆ ಒಟ್ಟು 10.6 ವೋಲ್ಟ್. ಒಂದು ಸೆಲ್ ಹೋಗಿದೆ ಅಣ್ಣಾ ಅಂತ ಅವನೇ ಮೆಲ್ಲಗೆ ಹೇಳಿದ. ಆರೂ ರೀಡಿಂಗ್ ಬರೆದ ಚೀಟಿಯ ಫೋಟೋ ಆಗಲೇ ನನ್ನ ಫೋನಿನಲ್ಲಿ ತೆಗೆದುಕೊಂಡೆ.

ಮ್ಯಾನೇಜರ್ ಆ ಚೀಟಿ ಕಿತ್ತುಕೊಂಡು ಕೆಳಗೆ 'ಗ್ರಾಹಕರಿಂದ ಡೀಪ್ ಡಿಸ್ಚಾರ್ಜ್, ವಾರಂಟಿ ಇಲ್ಲ' ಅಂತ ಬರೆದರು. ಅಂದರೆ ನಾನೇ ಬ್ಯಾಟರಿಯನ್ನು ಮಿತಿ ಮೀರಿ ಖಾಲಿ ಮಾಡಿ ಕೆಡಿಸಿದೆ ಅಂತ. ಸಹಿ ಹಾಕು ಅಂದರು. ಹಾಕಲ್ಲ ಅಂದೆ. "ಹಾಕದಿದ್ರೆ ಇಲ್ಲೇ ಬಿಟ್ಟು ಹೋಗು. ತೂಕದ ಲೆಕ್ಕದಲ್ಲಿ ಸ್ಕ್ರ್ಯಾಪ್ ದುಡ್ಡು ಕೊಡಿಸ್ತೀನಿ, ತಗೊಂಡು ನಡಿ." ಇಷ್ಟು ಜನರ ಮುಂದೆ. ನನ್ನ ಮಗನ ಮುಂದೆ.

ಬ್ಯಾಟರಿ ಮಾಡುವ ಕಂಪನಿ ನೀವು. ಇದನ್ನು ನಾನು ನಿಮಗೆ ಹೇಳಿಕೊಡಬೇಕಾ? 12 ವೋಲ್ಟ್ ಬ್ಯಾಟರಿಯಲ್ಲಿ ಆರು ಸೆಲ್, ಒಂದರ ಹಿಂದೆ ಒಂದು ಜೋಡಿಸಿದ್ದು. ಆರರಲ್ಲೂ ಹರಿಯುವುದು ಒಂದೇ ಕರೆಂಟ್. ನಾನು ಮಿತಿ ಮೀರಿ ಇಳಿಸಿದ್ದರೆ ಆರೂ ಒಟ್ಟಿಗೆ ಇಳಿಯಬೇಕಿತ್ತು. ಒಂದೇ ಪಂಕ್ತಿಯಲ್ಲಿ ಕೂತು ಒಂದೇ ಅಡುಗೆ ಉಂಡ ಆರು ಜನರಲ್ಲಿ ಐದು ಜನ ಗಟ್ಟಿಮುಟ್ಟಾಗಿದ್ದು ಒಬ್ಬ ಮಾತ್ರ ಮಲಗಿದರೆ ಅಡುಗೆಯವನನ್ನು ಹಿಡಿಯುತ್ತಾರಾ? ಸೆಲ್ ಒಂದಕ್ಕೆ ಸುಮಾರು 2.1 ವೋಲ್ಟ್. ಆರಕ್ಕೆ 12.6, ಅದರಲ್ಲಿ ಒಂದು ಸೆಲ್ ಕಳೆದರೆ 10.5. ನಿಮ್ಮ ಮೀಟರ್ ತೋರಿಸಿದ್ದು 10.6. ಇದು ಒಳಗೇ ಇದ್ದ ದೋಷ.

ಇನ್ನು ಬಳಕೆ. ಗಾಳಿ ಇಲ್ಲದಾಗ ಮೋಟರ್ ಅರ್ಧ ಸ್ಪೀಡಿನಲ್ಲಿ 15 ಆಂಪಿಯರ್ ಎಳೆಯುತ್ತೆ. ಹೋಗಿ ಬರೋಕೆ ಎಲ್ಲಾ ಸೇರಿ ಎರಡು ಗಂಟೆ. ಅಂದರೆ 30 ಎಎಚ್, ನಿಮ್ಮ 150ರಲ್ಲಿ ಐದನೇ ಒಂದು ಭಾಗ. ನಿಮ್ಮ 150 ಅನ್ನೋದು 20 ಗಂಟೆ ನಿಧಾನಕ್ಕೆ ಎಳೆದಾಗಿನ ಲೆಕ್ಕ, ಜೋರಾಗಿ ಎಳೆದರೆ ಕಡಿಮೆ ಸಿಗುತ್ತೆ ಅನ್ನೋದೂ ನನಗೆ ಗೊತ್ತು. ಅದನ್ನೂ ಹಿಡಿದೇ ಅರ್ಧಕ್ಕಿಂತ ಕೆಳಗೆ ಇಳಿಸಿಲ್ಲ. ದೋಣಿಯಲ್ಲಿ ವೋಲ್ಟ್ ಮೀಟರ್ ಇದೆ, 12.2ಕ್ಕೆ ಬಂದರೆ ದಡಕ್ಕೆ ತಿರುಗಿಸುತ್ತೇನೆ. ದಡ ಸೇರಿದ ಕೂಡಲೇ ಚಾರ್ಜ್‌ಗೆ ಹಾಕುತ್ತೇನೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಹಾಕಿಲ್ಲ.

ಕಸ್ಟಮರ್ ಕೇರ್‌ನಲ್ಲಿ ಇನ್ನೊಂದು ಮಾತು ಹೇಳಿದರು, ಮೀನು ಹಿಡಿಯೋದು ವ್ಯಾಪಾರ, ಹಾಗಾಗಿ ನೀವು ಗ್ರಾಹಕರೇ ಅಲ್ಲ ಅಂತ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(7)ರ ಕೆಳಗಿನ ವಿವರಣೆ ಓದಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಮಾತ್ರ ಕೊಂಡ ವಸ್ತು ವಾಣಿಜ್ಯ ಬಳಕೆ ಆಗಲ್ಲ ಅಂತ ಅಲ್ಲಿ ಸ್ಪಷ್ಟವಾಗಿದೆ. ನನ್ನ ದೋಣಿಯಲ್ಲಿ ದುಡಿಯುವವರು ನಾನು ಮತ್ತು ನನ್ನ ಮಗ. ಕಂಪನಿಯ ವಕೀಲರಿಗೆ ಇದು ಗೊತ್ತಿರುತ್ತೆ. ಗೊತ್ತಿದ್ದೂ ಫೋನಿನಲ್ಲಿ ಹಾಗೆ ಹೇಳಿಸುತ್ತೀರಿ, ಬಡವ ಹೆದರಿ ಸುಮ್ಮನಾಗಲಿ ಅಂತ.

ನನಗೆ ಬೇಕಾದ್ದು ಅದೇ ಕೆಪಾಸಿಟಿಯ ಹೊಸ ಬ್ಯಾಟರಿ, ಆಟೋ ಬಾಡಿಗೆ, ಮತ್ತು ಆ ಮ್ಯಾನೇಜರ್ ಸಹಿ ಇರುವ ಕ್ಷಮಾಪಣೆ. ರಿಪೇರಿ ಮಾಡಿದ ಹಳೆಯದು ಬೇಡ. ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರಬೇಕು.

ಬರದಿದ್ದರೆ ನಾನು ಮತ್ತೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಲ್ಲ. ಮೊದಲು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಮೇಲೆ ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ವಸ್ತುವಿಗೆ ದೂರು ಹಾಕೋಕೆ ಫೀಸಿಲ್ಲ, ನನ್ನ ಕೇಸ್ ನಾನೇ ವಾದಿಸಬಹುದು. ನಿಮ್ಮ ಹೆಡ್ ಆಫೀಸ್ ಯಾವ ಊರಿನಲ್ಲಿದ್ದರೂ ನೀವೇ ದುರ್ಗಕ್ಕೆ ಬಂದು ನಿಲ್ಲಬೇಕು, ಯಾಕಂದರೆ ನಾನು ಇರುವ ಜಿಲ್ಲೆಯಲ್ಲೇ ಕೇಸ್ ಹಾಕುವ ಹಕ್ಕು ನನಗಿದೆ. ಆಗ ನಾನು ಕೇಳೋದು ಬರೀ ಬ್ಯಾಟರಿ ಆಗಿರಲ್ಲ. ಕೆಲಸ ನಿಂತ ದಿನಗಳ ದುಡಿಮೆ, ನಡುನೀರಿನಲ್ಲಿ ಆದ ಅಪಾಯ, ಅಂಗಡಿ ಮುಂದೆ ಆದ ಅವಮಾನ, ಎಲ್ಲಕ್ಕೂ ಪರಿಹಾರ ಕೇಳುತ್ತೇನೆ. ಮೋಟರ್ ಹಾಕಿಸಬೇಕು ಅಂತಿರುವ ದೋಣಿಯವರು ನಮ್ಮ ಕಡೆ ಇನ್ನೂ ಇದ್ದಾರೆ. ಯಾವ ಬ್ಯಾಟರಿ ತಗೊಳ್ಳಲಿ ಅಂತ ನನ್ನನ್ನೇ ಕೇಳುತ್ತಾರೆ. ಚೀಟಿಯ ಫೋಟೋ ಅವರೆಲ್ಲರ ಫೋನಿಗೂ ಹೋಗಿದೆ.

ಸ್ಕ್ರ್ಯಾಪ್‌ಗೆ ಕೊಡು ಅಂದಿರಲ್ಲ, ಆ ಬ್ಯಾಟರಿಯನ್ನು ಕೊಡಲ್ಲ. ದೋಷ ಇದೆಯೋ ಇಲ್ಲವೋ ನೋಡೋಕೆ ವಸ್ತುವನ್ನು ಸೀಲ್ ಮಾಡಿಸಿ ಲ್ಯಾಬಿಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಆ ಮೂರನೇ ಸೆಲ್ಲನ್ನು ಲ್ಯಾಬಿನವರೇ ಬಿಚ್ಚಲಿ. ಅವತ್ತು ನಿಮ್ಮ ಮ್ಯಾನೇಜರ್ ಅದೇ ಮಾತನ್ನು, ಅದೇ ದನಿಯಲ್ಲಿ, ಆಯೋಗದ ಮುಂದೆ ನಿಂತು ಹೇಳಲಿ.

ಇಂತಿ,
ವಾಣಿವಿಲಾಸಪುರದ ನಿಮ್ಮ ಗ್ರಾಹಕ

ಜೊತೆಗೆ: ಬಿಲ್, ವಾರಂಟಿ ಕಾರ್ಡ್ ಮತ್ತು ಆರು ಸೆಲ್‌ಗಳ ರೀಡಿಂಗ್ ಚೀಟಿಯ ಪ್ರತಿಗಳು