ತಿಪ್ಪೇಶಿಗೊಂದು ಪತ್ರ: ಇರುವ ಕೂದಲಿಗೆ ಏನು ಹಚ್ಚೋದು?

ಲೇ ತಿಪ್ಪೇಶಿ,

ನೀನು ಕಳಿಸಿದ ಫೋಟೋ ನೋಡಿದೆ. ಮೂರು ಡಬ್ಬಿ, ಮೂರರದ್ದೂ ಸೀಲ್ ಒಡೆದಿಲ್ಲ. ಒಳ್ಳೇದಾಯ್ತು. ಆ ಜೆಲ್ಲು, ಮತ್ತೆ ‘ವೆಟ್ ಲುಕ್’ ಅಂತ ಬರೆದಿರುವ ವ್ಯಾಕ್ಸು, ಎರಡನ್ನೂ ವಾಪಸ್ ಕೊಟ್ಟುಬಿಡು. ಅಂಗಡಿಯವನು ತಗೊಳ್ಳಲ್ಲ ಅಂದರೆ ನಿನ್ನ ಮಗನಿಗೆ ಕೊಡು, ಅವನ ತಲೆ ತುಂಬ ಕೂದಲಿದೆ, ಏನು ಹಚ್ಚಿದರೂ ನಡೆಯುತ್ತದೆ. ಮೂರನೇದು, ಆ ಮ್ಯಾಟ್ ಕ್ಲೇ, ಅಂದರೆ ಜೇಡಿಮಣ್ಣು ಬೆರೆಸಿದ, ಹೊಳಪಿಲ್ಲದ ಮಾಲು, ಅದನ್ನ ಇಟ್ಟುಕೋ.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಯಾಕೆ ಅಂತ ಹೇಳದಿದ್ದರೆ ನೀನು ಕೇಳುವ ಆಸಾಮಿಯಲ್ಲ. ಮುಂದಿನ ತಿಂಗಳು ಅಕ್ಕನ ಮಗಳ ಮದುವೆ, ಸೋದರಮಾವ ನೀನು, ಆರತಕ್ಷತೆಯಿಂದ ಧಾರೆವರೆಗೆ ಕ್ಯಾಮೆರಾ ಮುಂದೆಯೇ ಇರಬೇಕು. ಇದನ್ನ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ ಅಂತ ಬೈಯಬೇಡ. ನಮ್ಮ ಬ್ಯಾಚಿನಲ್ಲಿ ನೆತ್ತಿ ಕಾಣುತ್ತಿರುವುದು ನಿನ್ನದೊಬ್ಬನದೇ ಅಲ್ಲ. ಅರ್ಧ ಜನ ಇದೇ ಪ್ರಶ್ನೆಯನ್ನ ಯಾರಿಗೂ ಕೇಳದೆ ಒಳಗೇ ಇಟ್ಟುಕೊಂಡು, ಬೈತಲೆಯನ್ನ ಕಿವಿಯ ಹತ್ತಿರ ಹತ್ತಿರ ಇಳಿಸುತ್ತಾ ಬಂದಿದ್ದಾರೆ. ನನ್ನದೂ ಹಣೆಯ ಎರಡು ಮೂಲೆ ಹಿಂದಕ್ಕೆ ಸರಿದು ವರ್ಷಗಳಾದವು.

ಕೂದಲು ತೆಳ್ಳಗಾದವರಿಗೆ ತಲೆನೋವು ಎರಡೇ. ಒಂದು ಭಾರ, ಇನ್ನೊಂದು ಹೊಳಪು. ಜೆಲ್ ಏನು ಮಾಡುತ್ತದೆ ಅಂದರೆ ಅಕ್ಕಪಕ್ಕದ ಹತ್ತಾರು ಕೂದಲನ್ನ ಸೇರಿಸಿ ಒಂದೊಂದೇ ಎಳೆ ಮಾಡಿ ಅಂಟಿಸುತ್ತದೆ. ಅದರಲ್ಲಿರುವ ಪಿವಿಪಿ ಥರದ ಪಾಲಿಮರ್, ಅಂದರೆ ಅಂಟಿನಂಥ ಪದಾರ್ಥ, ಒಣಗಿ ಗಟ್ಟಿಯಾಗಿ ಹಾಗೇ ಹಿಡಿದುಕೊಳ್ಳುತ್ತದೆ. ಕೂದಲು ದಟ್ಟವಾಗಿದ್ದರೆ ಆ ಎಳೆಯ ಹಿಂದೆ ಇನ್ನೊಂದು ಎಳೆ ಇರುತ್ತದೆ, ಏನೂ ಗೊತ್ತಾಗಲ್ಲ. ನಮ್ಮಂಥವರಿಗೆ ಹಿಂದೆ ಇರುವುದು ಬುರುಡೆ. ಸ್ನಾನ ಮಾಡಿ ಬಂದು ಕನ್ನಡಿ ನೋಡಿಕೊಂಡಾಗ ‘ಅಯ್ಯೋ, ಇಷ್ಟೊಂದು ಹೋಗಿದೆಯಾ’ ಅನ್ನಿಸಿ, ಒಣಗಿದ ಮೇಲೆ ‘ಪರವಾಗಿಲ್ಲ ಬಿಡು’ ಅನ್ನಿಸುತ್ತದಲ್ವಾ, ಅದಕ್ಕೂ ಕಾರಣ ಇದೇ. ವೆಟ್ ಲುಕ್ ಹಚ್ಚಿಕೊಳ್ಳುವುದು ಅಂದರೆ ಆ ಬಚ್ಚಲುಮನೆ ಅವತಾರದಲ್ಲೇ ಸಂಜೆವರೆಗೂ ಊರು ತಿರುಗುವುದು. ಅದರ ಮೇಲೆ ಮದುವೆ ಮಂಟಪದ ವಿಡಿಯೋ ಲೈಟು ಮೇಲಿನಿಂದ ಬಿದ್ದರೆ ಕೂದಲೂ ಮಿಂಚುತ್ತದೆ, ನೆತ್ತಿಯೂ ಮಿಂಚುತ್ತದೆ.

ಇನ್ನು ಭಾರ. ಉದುರುತ್ತಿದೆ ಅಂತ ನಾವು ಅನ್ನುತ್ತೇವೆ, ದಿನಕ್ಕೆ ಐವತ್ತರಿಂದ ನೂರು ಕೂದಲು ಯಾರಿಗಾದರೂ ಉದುರುತ್ತದೆ. ಗಂಡಸರ ತಲೆಯಲ್ಲಿ ನಿಜವಾಗಿ ನಡೆಯುವುದು ಬೇರೆ. ಡಿಎಚ್‌ಟಿ ಅನ್ನುವ ಹಾರ್ಮೋನಿಗೆ ಕೆಲವರ ಕೂದಲ ಬುಡ ಕುಗ್ಗುತ್ತಾ ಹೋಗುತ್ತದೆ, ಪ್ರತಿ ಸಲ ಹುಟ್ಟುವ ಕೂದಲು ಹಿಂದಿನದಕ್ಕಿಂತ ಸಣ್ಣ, ಹಿಂದಿನದಕ್ಕಿಂತ ಗಿಡ್ಡ. ಅಂಥ ಕೂದಲಿಗೆ ಮೇಣ ಮೆತ್ತಿದರೆ ಮೂಗಿಗಿಂತ ಮೂಗುತಿ ಭಾರ. ಬೆಳಿಗ್ಗೆ ನಿಂತದ್ದು ಮಧ್ಯಾಹ್ನಕ್ಕೆ ಮಲಗಿರುತ್ತದೆ. ನಮ್ಮ ಅಪ್ಪಂದಿರು ಬ್ರಿಲ್‌ಕ್ರೀಮ್ ಹಚ್ಚಿ ಹಿಂದಕ್ಕೆ ಬಾಚುತ್ತಿದ್ದರು. ಅದು 1928ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದದ್ದು, ನೀರು, ಮಿನರಲ್ ಆಯಿಲ್, ಜೇನುಮೇಣ ಸೇರಿಸಿ ಕಡೆದ ಕ್ರೀಮು. ದಟ್ಟ ಕೂದಲಿನವರಿಗೆ ಇವತ್ತಿಗೂ ಚೆಂದವೇ. ನಮಗಲ್ಲ.

ನೀರಿನ ವಿಷಯ ಎತ್ತಿದ್ದೀಯ, ಬೋರ್‌ವೆಲ್ ನೀರಿನಿಂದಲೇ ತಲೆ ಬೋಳಾಯಿತು ಅಂತ. ಇದನ್ನ ಇಲ್ಲಿ ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಹದಡಿ ರಸ್ತೆವರೆಗೆ ಎಲ್ಲರೂ ಹೇಳುತ್ತಾರೆ, ನಿಮ್ಮ ಚಿತ್ರದುರ್ಗದಲ್ಲೂ ಹೇಳುತ್ತಾರೆ. ಗಡಸು ನೀರಿಗೆ ಸೋಪು ಹಾಕಿದರೆ ಬಿಳಿ ಗಸಿ ಕೂದಲಿಗೆ ಅಂಟುತ್ತದೆ, ಕೂದಲು ಒರಟಾಗುತ್ತದೆ, ಅಷ್ಟು ನಿಜ. ತಲೆಗೆ ಮೈಸೋಪು ಹಚ್ಚುವುದನ್ನ ಬಿಟ್ಟು ಶಾಂಪೂ ಹಾಕು, ಅದು ಕಡಿಮೆಯಾಗುತ್ತದೆ. ಆದರೆ ಸ್ವಲ್ಪ ಯೋಚನೆ ಮಾಡು. ನೀರೇ ಕಾರಣ ಆಗಿದ್ದರೆ ಕಿವಿಯ ಮೇಲಿನದೂ ಹಿಂದಲೆಯದೂ ಹೋಗಬೇಕಿತ್ತಲ್ವಾ? ನೀರೇನು ಹಣೆ ಮತ್ತು ಸುಳಿ ನೋಡಿಕೊಂಡೇ ಬೀಳುತ್ತದಾ? ನಿನ್ನ ಹಿಂದಲೆ ಇವತ್ತಿಗೂ ಕಾಡಿದ್ದ ಹಾಗಿದೆ. ಅಲ್ಲಿನ ಬುಡಗಳಿಗೆ ಡಿಎಚ್‌ಟಿ ಅಷ್ಟಾಗಿ ತಟ್ಟುವುದಿಲ್ಲ. ಕೂದಲು ಕಸಿ ಮಾಡುವವರು ಹಿಂದಲೆಯಿಂದಲೇ ತೆಗೆದು ಮುಂದೆ ನೆಡುವುದೂ ಅದಕ್ಕೇ. ಸುಮ್ನೆ ಬೋರಿನ ಮೇಲೆ ಹಾಕಬೇಡ.

ಡಬ್ಬಿ ತೆರೆಯುವ ಮುಂಚೆ ಕಟಿಂಗ್ ಶಾಪಿಗೆ ಹೋಗು. ಇದನ್ನ ಒತ್ತಿ ಹೇಳುತ್ತೇನೆ. ಎಷ್ಟೇ ದುಡ್ಡಿನ ಕ್ಲೇ ತಂದರೂ ಕಟಿಂಗ್ ಸರಿ ಇಲ್ಲದಿದ್ದರೆ ದಂಡ. ಮುಚ್ಚಿಕೊಳ್ಳಲಿ ಅಂತ ಮೇಲೆ ಉದ್ದ ಬಿಟ್ಟಿದ್ದೀಯಲ್ಲ, ಆ ಉದ್ದವೇ ನಿನ್ನನ್ನ ಹಿಡಿದುಕೊಡುತ್ತಿದೆ. ಉದ್ದ ಕೂದಲು ತನ್ನ ಭಾರಕ್ಕೇ ಬೀಳುತ್ತದೆ, ಬಿದ್ದ ಕಡೆ ಬಿರುಕು ಬಿಡುತ್ತದೆ. ಎರಡೂ ಪಕ್ಕ ಮತ್ತು ಹಿಂದೆ ಮೆಷಿನ್ ಹಾಕಿಸಿ ಚೆನ್ನಾಗಿ ಗಿಡ್ಡ ಮಾಡಿಸು, ಮೇಲೆ ಎರಡು ಬೆರಳಿನ ನಡುವೆ ಸಿಗುವಷ್ಟು ಕತ್ತರಿಯಲ್ಲೇ ಬಿಡಿಸು. ಪಕ್ಕದಲ್ಲಿ ಕಡಿಮೆಯಾದಷ್ಟೂ ಮೇಲಿನದು ಜಾಸ್ತಿ ಇದ್ದ ಹಾಗೆ ಕಾಣುತ್ತದೆ. ಮದುವೆಯ ಹಿಂದಿನ ದಿನ ಮಾತ್ರ ಮಾಡಿಸಬೇಡ, ಹೊಸ ಕಟಿಂಗ್ ತಲೆಗೆ ಕೂರಲಿಕ್ಕೆ ಒಂದು ವಾರವಾದರೂ ಬೇಕು. ಕೂದಲು ಬೆಳೆಯುವುದೇ ತಿಂಗಳಿಗೆ ಒಂದು ಸೆಂಟಿಮೀಟರ್ ಚಿಲ್ಲರೆ, ಜಾಸ್ತಿ ಕತ್ತರಿಸಿಬಿಟ್ಟರೆ ತುಂಬಿಕೊಳ್ಳಲಿಕ್ಕೂ ಟೈಮ್ ಇರಲಿ.

ಬ್ರ್ಯಾಂಡ್ ಹೆಸರು ಹೇಳು ಅಂತ ಕೇಳಬೇಡ. ಡಬ್ಬಿ ತಿರುಗಿಸಿ ಹಿಂದೆ ಓದು. ಜಾಸ್ತಿ ಇರುವ ಪದಾರ್ಥ ಮೊದಲು, ಕಡಿಮೆ ಇರುವುದು ಕೊನೆಗೆ ಬರುತ್ತದೆ. ಮೊದಲ ನಾಲ್ಕೈದು ಹೆಸರಿನಲ್ಲೇ ಪೆಟ್ರೋಲೇಟಮ್ (ವ್ಯಾಸಲೀನ್ ಥರದ್ದು), ಪ್ಯಾರಾಫಿನಮ್ ಲಿಕ್ವಿಡಮ್ (ಮಿನರಲ್ ಆಯಿಲ್), ಸೆರಾ ಆಲ್ಬಾ ಇವೆಲ್ಲ ಒಟ್ಟಿಗೆ ಸಾಲಾಗಿ ಕೂತಿದ್ದರೆ ಅದು ಭಾರದ ಮಾಲು. ಸೆರಾ ಆಲ್ಬಾ ಅಂದರೆ ಜೇನುಮೇಣ ಅಷ್ಟೇ, ಹೆಸರು ನೋಡಿ ಹೆದರಬೇಡ, ಸ್ವಲ್ಪ ಇದ್ದರೆ ತೊಂದರೆ ಇಲ್ಲ. ಕೇಯೊಲಿನ್ ಅಥವಾ ಬೆಂಟೊನೈಟ್ ಅಂತ ಕಂಡರೆ ಅದು ಜೇಡಿಮಣ್ಣು. ಅದೇ ನಮಗೆ ಬೇಕಾದದ್ದು. ಮಣ್ಣು ಎಣ್ಣೆ ಹೀರುತ್ತದೆ, ಹೊಳಪು ಕೊಲ್ಲುತ್ತದೆ, ಕೂದಲಿಗೆ ಕೊಂಚ ಒರಟು ಬಂದು ಒಂದಕ್ಕೊಂದು ಆನಿಸಿಕೊಂಡು ನಿಲ್ಲುತ್ತವೆ. ಮುಂದೆ ದೊಡ್ಡದಾಗಿ ‘ಎಕ್ಸ್‌ಟ್ರಾ ಸ್ಟ್ರಾಂಗ್ ಹೋಲ್ಡ್’ ಅಂತ ಇದ್ದರೆ ಮರುಳಾಗಬೇಡ. ನಾವು ಹಿಡಿದು ನಿಲ್ಲಿಸಬೇಕಾದ ಕೂದಲಾದರೂ ಎಷ್ಟಿದೆ? ‘ಹೇರ್ ಫಾಲ್ ಕಂಟ್ರೋಲ್’ ಅಂತ ಬರೆದಿರುವ ಸ್ಟೈಲಿಂಗ್ ಕ್ರೀಮಿಗೆ ಅದಕ್ಕೋಸ್ಕರ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡ. ತಲೆ ಬಾಚುವ ಸಾಮಾನು ಕೂದಲು ಬೆಳೆಸುವುದಿಲ್ಲ. ದಿನಾ ತೊಳೆದುಕೊಂಡರೆ ಉದುರಿಸುವುದೂ ಇಲ್ಲ.

ಅಂಗಡಿಯಲ್ಲಿ ಟೆಸ್ಟರ್ ಡಬ್ಬಿ ಇದ್ದರೆ ಚೂರು ತೆಗೆದು ಮುಂಗೈ ಮೇಲೆ ಉಜ್ಜು. ಹೊರಗೆ ಬಿಸಿಲಿಗೆ ಬಂದು ನೋಡು. ಚರ್ಮ ಮಿಂಚುತ್ತಿದ್ದರೆ ಬೇಡ, ಪೌಡರ್ ಹಚ್ಚಿದ ಹಾಗೆ ಮಂಕಾಗಿದ್ದರೆ ತಗೋ.

ಈಗ ಹಚ್ಚುವುದು. ಇಲ್ಲೇ ಮುಕ್ಕಾಲು ಜನ ಕೆಡಿಸಿಕೊಳ್ಳುವುದು. ಕೂದಲು ಪೂರ್ತಿ ಒಣಗಿರಬೇಕು. ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿಟ್ಟು, ಕೂದಲು ಮಲಗುವ ದಿಕ್ಕಿಗೆ ಎದುರಾಗಿ ಬುಡದಿಂದ ಎತ್ತುತ್ತಾ ಒಣಗಿಸು, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಆಮೇಲೆ ಉಗುರಿನ ಬೆನ್ನಿನಲ್ಲಿ ಕ್ಲೇ ಕೆರೆದು ತೆಗೆ, ಒಂದು ಕಡಲೆಕಾಳಿನಷ್ಟೂ ಬೇಡ, ಅರ್ಧ ಸಾಕು. ಎರಡೂ ಅಂಗೈಗೆ ಉಜ್ಜು, ಉಜ್ಜುತ್ತಾ ಇರು, ಮೊದಲು ಗಂಟು ಗಂಟಾಗಿರುತ್ತದೆ, ಆಮೇಲೆ ಬಿಸಿಗೆ ಕರಗಿ ಕೈಯಲ್ಲಿ ಏನೂ ಇಲ್ಲವೇನೋ ಅನ್ನಿಸುತ್ತದೆ, ಬೆರಳ ಸಂದಿಗೂ ಹೋಗಿರುತ್ತದೆ. ಆಗ ತಲೆಗೆ ಕೈ ಹಾಕು. ಮೊದಲು ಹಿಂದೆ, ಆಮೇಲೆ ಪಕ್ಕ, ಕೈಯಲ್ಲಿ ಉಳಿದದ್ದು ಮಾತ್ರ ಮುಂದಕ್ಕೆ. ಎಲ್ಲರೂ ಮುಂಗೂದಲಿಗೇ ಮೊದಲು ಬಡಿಯುತ್ತಾರೆ, ಅಲ್ಲಿರುವುದೇ ನಾಲ್ಕು ಕೂದಲು, ಅದೂ ಅಂಟಿಕೊಂಡು ಹೋಗುತ್ತದೆ. ಬಾಚಣಿಗೆ ಬೇಡ, ಅದು ಗೆರೆ ಗೆರೆ ಮಾಡಿ ಬುರುಡೆ ತೋರಿಸುತ್ತದೆ. ಬೆರಳಲ್ಲೇ ಅಡ್ಡಾದಿಡ್ಡಿ ಕೆದರು. ಸಾಲಲಿಲ್ಲ ಅನ್ನಿಸಿದರೆ ಇನ್ನೊಂದು ಚೂರು ಹಾಕಬಹುದು. ಜಾಸ್ತಿಯಾದರೆ ಮತ್ತೆ ತಲೆ ತೊಳೆಯುವುದೇ ದಾರಿ.

ಕ್ಲೇಯೂ ಭಾರ ಅನ್ನಿಸಿದರೆ ವಾಲ್ಯೂಮ್ ಪೌಡರ್ ಅಂತ ಸಿಗುತ್ತದೆ, ಉಪ್ಪಿನ ಡಬ್ಬಿ ಥರ ತೂತಿರುವ ಸಣ್ಣ ಬಾಟಲಿ. ಒಳಗೆ ಸಿಲಿಕಾ ಸಿಲಿಲೇಟ್ ಅನ್ನುವ ಬಿಳಿ ಪುಡಿ. ಬುಡಕ್ಕೆ ಚೂರು ಉದುರಿಸಿ ಬೆರಳಲ್ಲಿ ತಿಕ್ಕಿದರೆ ಕೂದಲು ಎದ್ದು ನಿಲ್ಲುತ್ತದೆ. ಮುಟ್ಟಿದರೆ ಒಂಥರಾ ಜರಜರ, ನನಗೆ ಅದು ಅಷ್ಟು ಹಿಡಿಸುವುದಿಲ್ಲ, ಆದರೆ ಕೆಲಸ ಚೆನ್ನಾಗಿ ಮಾಡುತ್ತದೆ. ಬೈಕಿನಲ್ಲಿ ಓಡಾಡುವ ನಿನಗೆ ಇದೇ ಸರಿ. ಹೆಲ್ಮೆಟ್ ತೆಗೆದ ಮೇಲೆ ಬೆರಳಾಡಿಸಿದರೆ ಮತ್ತೆ ಏಳುತ್ತದೆ. ಹೆಲ್ಮೆಟ್ಟಿನಿಂದ ಬಕ್ಕತಲೆ ಆಗುತ್ತದೆ ಅನ್ನುವವರ ಮಾತು ಕೇಳಿ ಹಾಕುವುದನ್ನ ಬಿಟ್ಟೀಯ ಮತ್ತೆ! ಒಳಗೊಂದು ಹತ್ತಿ ಬಟ್ಟೆ ಕಟ್ಟಿಕೋ, ಬೆವರು ಹೀರುತ್ತದೆ.

ನಿಮ್ಮ ದುರ್ಗದ ಗಾಳಿಗೆ ಮಾತ್ರ ನನ್ನ ಹತ್ತಿರ ಔಷಧಿ ಇಲ್ಲ. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿದ್ದಾರಾ? ಆಷಾಢದಲ್ಲಿ ಕೋಟೆ ಹತ್ತಿದರೆ ಯಾವ ಸ್ಪ್ರೇಯೂ ನಿಲ್ಲಲ್ಲ. ಅದಕ್ಕೇ ಗಿಡ್ಡ ಕಟಿಂಗ್ ಅಂದದ್ದು. ಗಿಡ್ಡ ಕೂದಲನ್ನ ಗಾಳಿ ಎತ್ತಿದರೂ ಹೋಗುವುದೆಲ್ಲಿಗೆ?

ಕಪ್ಪು ಪುಡಿ ಉದುರಿಸಿಕೊಂಡರೆ ನೆತ್ತಿ ಮುಚ್ಚುತ್ತದಂತೆ, ನಿಜವಾ ಅಂತ ಕೇಳಿದ್ದೀಯ. ನಿಜ. ಹೇರ್ ಫೈಬರ್ ಅನ್ನುತ್ತಾರೆ, ಹೆಚ್ಚಿನವು ಕೆರಾಟಿನ್ (ನಮ್ಮ ಕೂದಲಲ್ಲೂ ಇರುವ ಪ್ರೋಟೀನು) ನಾರಿನ ಪುಡಿ, ಇರುವ ಕೂದಲಿಗೆ ಅಂಟಿಕೊಂಡು ಅದನ್ನ ದಪ್ಪ ಮಾಡಿ ತೋರಿಸುತ್ತದೆ. ಸುಳಿಯ ಹತ್ತಿರ ತೆಳ್ಳಗಾದ ನಿನ್ನಂಥವರಿಗೆ ಫೋಟೋದಲ್ಲಿ ಗೊತ್ತೇ ಆಗಲ್ಲ. ಕೂದಲೇ ಇಲ್ಲದ ಕಡೆ ಹಾಕಿದರೆ ಮಸಿ ಬಳಿದ ಹಾಗಿರುತ್ತದೆ, ಹಣೆಯ ಅಂಚಿಗೆ ಬೇಡವೇ ಬೇಡ. ಆದರೆ ಮದುವೆ ಬೇಸಿಗೆಯದು. ದಾವಣಗೆರೆ ಸೆಕೆ ನಿನಗೆ ಹೇಳಬೇಕಾ? ಬೆವರು ಧಾರಾಕಾರ ಇಳಿದರೆ ಆ ಪುಡಿ ಬಿಳಿ ಶರ್ಟಿನ ಕಾಲರಿಗೆ ಬರುತ್ತದೆ. ಅರಿಶಿನ ಶಾಸ್ತ್ರದಲ್ಲಿ ಅತ್ತಿಗೆ ನಾದಿನಿಯರು ಬಿಂದಿಗೆ ನೀರು ಎರಚದೆ ಬಿಡುತ್ತಾರಾ? ಇನ್ನು ದೊಡ್ಡವರ ಕಾಲಿಗೆ ಬಿದ್ದು ಅವರು ನೆತ್ತಿ ಮೇಲೆ ಕೈ ಇಟ್ಟು ಆಶೀರ್ವಾದ ಮಾಡಿದರೆ, ಕೈ ತೆಗೆದು ನೋಡಿಕೊಂಡಾಗ ಬೆರಳೆಲ್ಲಾ ಕಪ್ಪು. ಹಾಕುವುದಿದ್ದರೆ ಆರತಕ್ಷತೆ ಸಂಜೆಗೆ ಮಾತ್ರ ಹಾಕು, ಎಸಿ ಇರುವ ಛತ್ರ ಅಂದಿದ್ದೀಯಲ್ಲ. ಎಣ್ಣೆ ಇಲ್ಲದ ಒಣ ತಲೆ, ಬಾಚಿದ ಮೇಲೆ ಕೊನೆಗೆ ಫೈಬರ್, ಅದರ ಮೇಲೆ ಒಂದಡಿ ದೂರದಿಂದ ಸ್ವಲ್ಪ ಸ್ಪ್ರೇ. ಮಲಗುವ ಮುಂಚೆ ಶಾಂಪೂ ಹಾಕಿ ತೊಳೆದುಬಿಡು, ದಿಂಬು ಹಾಳಾಗುತ್ತದೆ.

ಔಷಧಿ ವಿಷಯ ಬೇರೆಯೇ, ಅದನ್ನ ಈ ಡಬ್ಬಿಗಳ ಜೊತೆ ಕಲಸಬೇಡ. ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆ ಆಗಿತ್ತು, ತಗೊಂಡವರಿಗೆ ಮೈಮೇಲೆ ಕೂದಲು ಬರುತ್ತಿದೆ ಅಂತ ಗೊತ್ತಾಗಿ ತಲೆಗೆ ಹಚ್ಚುವ ಔಷಧಿ ಆಯಿತು, ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಕೆಲಸ ಮಾಡುತ್ತದೆ, ಆದರೆ ಫಲ ಕಾಣಲು ತಿಂಗಳುಗಟ್ಟಲೆ ಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ. ಮುಖ್ಯವಾಗಿ, ಶುರು ಮಾಡಿದ ಮೊದಲ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರಬಹುದು. ಮದುವೆ ಇಟ್ಟುಕೊಂಡು ಈಗ ಮೆಡಿಕಲ್ ಶಾಪಿನಿಂದ ನೀನೇ ತಂದು ಹಚ್ಚಬೇಡ. ಡಿಎಚ್‌ಟಿ ತಗ್ಗಿಸುವ ಫಿನಾಸ್ಟೆರೈಡ್ ಮಾತ್ರೆಯಂತೂ ಡಾಕ್ಟರ್ ಬರೆದುಕೊಡದೆ ಮುಟ್ಟಲೇಬೇಡ. ಮದುವೆ ಮುಗಿಯಲಿ, ಇಲ್ಲೇ ಬಾಪೂಜಿ ಆಸ್ಪತ್ರೆಯ ಚರ್ಮದ ಡಾಕ್ಟರಿಗೆ ತೋರಿಸೋಣ, ನಾನೂ ಬರುತ್ತೇನೆ. ಮುಂದೆ ಯಾವತ್ತಾದರೂ ಮಿನಾಕ್ಸಿಡಿಲ್ ಶುರು ಮಾಡಿದರೆ ಮೊದಲು ಅದು ನೆತ್ತಿಯಲ್ಲಿ ಪೂರ್ತಿ ಆರಬೇಕು, ಆಮೇಲೆ ಕ್ಲೇ. ಮತ್ತೆ ನಿಮ್ಮ ಮನೆ ಬೆಕ್ಕನ್ನ ದಿಂಬಿನ ಹತ್ತಿರ ಬಿಡಬೇಡ, ಆ ಔಷಧಿ ಬೆಕ್ಕಿಗೆ ವಿಷ.

ಅಮ್ಮನ ಕೊಬ್ಬರಿ ಎಣ್ಣೆ ಬಿಡಬೇಕಾ ಅಂದೆ. ಯಾಕೆ ಬಿಡುತ್ತೀಯ? ಹೊಸ ಕೂದಲು ಹುಟ್ಟಿಸುವುದಿಲ್ಲ ಅಷ್ಟೇ, ಇರುವ ಕೂದಲಿನ ಒಳಗೆ ಇಳಿದು ಅದು ಸವೆಯುವುದನ್ನ ಕಡಿಮೆ ಮಾಡುತ್ತದೆ. ಶನಿವಾರ ರಾತ್ರಿ ಹಚ್ಚಿಸಿಕೋ, ಭಾನುವಾರ ತೊಳೆ. ಹಚ್ಚಿಕೊಂಡು ಮಂಟಪಕ್ಕೆ ಮಾತ್ರ ಬರಬೇಡ, ಅಮ್ಮ ಎಷ್ಟೇ ಬೈದರೂ.

ಡೈ ಹಾಕುವ ಯೋಚನೆ ಇದ್ದರೆ ತೀರಾ ಕಡುಗಪ್ಪು ಬೇಡ. ಕಪ್ಪು ಜಾಸ್ತಿಯಾದಷ್ಟೂ ನಡುವಿನ ಬಿಳಿ ನೆತ್ತಿ ಎದ್ದು ಕಾಣುತ್ತದೆ, ಕಂದು ಬಣ್ಣ ತಗೋ. ಬಹಳಷ್ಟು ಡೈಗಳಲ್ಲಿ ಪಿಪಿಡಿ ಅನ್ನುವ ಬಣ್ಣದ ರಾಸಾಯನಿಕ ಇರುತ್ತದೆ, ಕೆಲವರಿಗೆ ಅದಕ್ಕೆ ಮುಖವೆಲ್ಲಾ ಊದಿಕೊಳ್ಳುತ್ತದೆ. ಹಚ್ಚುವುದಕ್ಕೆ ಎರಡು ದಿನ ಮುಂಚೆ ಕಿವಿಯ ಹಿಂದೆ ಚೂರು ಹಚ್ಚಿ ನೋಡು, ತುರಿಕೆ ಬಂದರೆ ಬಿಟ್ಟುಬಿಡು. ನರೆ ಇದ್ದರೆ ಇರಲಿ, ಸೋದರಮಾವ ತಾನೇ, ಮದುಮಗ ಅಲ್ಲವಲ್ಲ.

ಮುಂದಿನ ಭಾನುವಾರ ಲಗ್ನಪತ್ರಿಕೆ ಹಂಚಲಿಕ್ಕೆ ದಾವಣಗೆರೆಗೆ ಬರುತ್ತೀಯಲ್ಲ, ಬೆಳಿಗ್ಗೆ ಬೇಗ ಬಾ. ಕಟಿಂಗ್ ಶಾಪಿನಲ್ಲಿ ಒಂಬತ್ತರ ಮೇಲೆ ರಶ್ಶು. ಮುಗಿಸಿಕೊಂಡೇ ಬೆಣ್ಣೆದೋಸೆ ತಿನ್ನಲು ಹೋಗೋಣ, ದುಡ್ಡು ನೀನು ಕೊಡು.

ಇಂತಿ ನಿನ್ನ ದೋಸ್ತ್